ಈಶಾನ್ಯ ಮೂಲೆಯ ಸಂಪು

ಸೋಮವಾರ ಬೆಳಗ್ಗೆ ಎಂಟೂವರೆಗೆ ಶಿಶುವಿಹಾರದ ಮೇಡಂ ಫೋನ್ ಮಾಡಿದರು. ನಾನಾಗ ಕತ್ರಿಗುಪ್ಪೆಯ ಒಂದು ಮನೆಯಲ್ಲಿ ಗೀಸರಿನ ಕೆಳಗೆ ಕತ್ತು ಓರೆ ಮಾಡಿಕೊಂಡು ನಿಂತಿದ್ದೆ.

"ಅಣ್ಣ, ಮಕ್ಕಳ ನಲ್ಲಿ ನೀರು ಒಂಥರಾ ವಾಸನೆ ಬರ್ತಿದೆ. ಇವತ್ತೇ ಬಂದು ನೋಡ್ತೀರಾ?"

"ಯಾವ ಥರ ವಾಸನೆ ಮೇಡಂ? ಕೊಳೆತ ಮೊಟ್ಟೆ ಥರಾನಾ?"

"ಅಲ್ಲ. ಒದ್ದೆ ಬಟ್ಟೆ ಮುಗ್ಗಲು ಹಿಡಿದ್ರೆ ಬರುತ್ತಲ್ಲ, ಹಾಗೆ."

ಹನ್ನೊಂದು ಗಂಟೆಗೆ ಬರುತ್ತೇನೆ ಎಂದೆ. ಶಿಶುವಿಹಾರ ನಡೆಯುವ ಆ ಮನೆಯ ನೀರು ಎಲ್ಲಿ ಕೆಟ್ಟಿರಬಹುದು ಎಂಬುದು ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಆರು ದಿನ ನಾನು ಅಲ್ಲಿ ಏನೇನು ಬಿಚ್ಚಿದೆ, ಏನೇನು ತೊಳೆದೆ, ಏನೇನು ಬದಲಾಯಿಸಿದೆ ಎಂದು ಬರೆಯುವಾಗ ಓದಿದವರು 'ಪಾಪ, ಎಷ್ಟು ಒದ್ದಾಡಿದ' ಎಂದುಕೊಳ್ಳಬಾರದು. ಆ ಪಾಪ ಗೀಪ ಎಲ್ಲ ನನಗೆ ಬೇಡ.

ಜಯನಗರದ ಆ ಮನೆ ಹಳೆಯದು. ಉತ್ತರಕ್ಕೆ ರಸ್ತೆ, ಪೂರ್ವಕ್ಕೆ ಪಕ್ಕದ ಸೈಟಿನ ಕಾಂಪೌಂಡು. ಮಾಲೀಕರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಎಂಟು ವರ್ಷದ ಹಿಂದೆ ಅವರು ಅಲ್ಲೇ ವಾಸವಿದ್ದಾಗ ಮಗಳ ಮದುವೆ ಕೂಡಿಬರುತ್ತಿರಲಿಲ್ಲ. ಯಾರೋ ವಾಸ್ತು ಹೇಳುವವರನ್ನು ಕರೆಸಿದರು. ಆತ ಅಂಗಳದಲ್ಲಿ ದಿಕ್ಸೂಚಿ ಹಿಡಿದು ಒಂದು ಸುತ್ತು ಹಾಕಿ ಹಣೆ ಚಚ್ಚಿಕೊಂಡ. "ಅಗ್ನಿ ಇರ್ಬೇಕಾದ ಮೂಲೇಲಿ ಸಂಪ್ ಇಟ್ಕೊಂಡಿದ್ದೀರಲ್ಲ ಸ್ವಾಮಿ! ಇನ್ನು ಹುಡುಗಿಗೆ ಸಂಬಂಧ ಹೇಗೆ ಕುದುರುತ್ತೆ? ನೀರು ಈಶಾನ್ಯಕ್ಕೆ ಬರ್ಬೇಕು."

ನೆಲದಡಿಯ ಹೊಸ ಸಂಪು ಕಟ್ಟುವ ಕೆಲಸ ನನಗೇ ಬಂತು. ಈಶಾನ್ಯ ಮೂಲೆಯಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವಾಗಲೇ ನನ್ನ ಕೈ ತಡೆಯಿತು. ಕಾಂಪೌಂಡಿನ ಆಚೆ, ಒಂದೂವರೆ ಅಡಿ ದೂರದಲ್ಲಿ ಪಕ್ಕದ ಮನೆಯ ಕಕ್ಕಸಿನ ಪೈಪು ರಸ್ತೆಯ ಕಡೆಗೆ ಹೋಗುತ್ತಿತ್ತು. ಸುಟ್ಟ ಮಣ್ಣಿನ ಹಳೆಯ ಪೈಪು, ಎರಡೆರಡು ಅಡಿಗೊಂದು ಜೋಡಣೆ. ಅದು ಕಟ್ಟಿಕೊಂಡಾಗ ಎರಡು ಸಲ ಸರಳು ಹಾಕಿ ಬಿಡಿಸಿದವನು ನಾನೇ. ಬಗ್ಗಿಕೊಂಡೇ ಹೇಳಿದೆ. "ಸಾರ್, ಪಕ್ಕದಲ್ಲೇ ಅವರ ಸ್ಯಾನಿಟರಿ ಲೈನ್ ಇದೆ."

ಮಾಲೀಕರು ಫೋನಿನಲ್ಲಿದ್ದರು. "ಅದೆಲ್ಲ ನೀನು ನೋಡ್ಕೊಳಪ್ಪ. ಈಶಾನ್ಯ ಬಿಟ್ಟು ಆಚೆ ಈಚೆ ಆಗ್ಬಾರ್ದು ಅಷ್ಟೇ."

ನಾನು ನೋಡಿಕೊಂಡೆ. ಅಂದರೆ ಒಳಗೋಡೆಗೆ ಒಂದು ಕೋಟಿಂಗ್ ಜಾಸ್ತಿ ಗಾರೆ ಹೊಡೆಸಿ ಬಾಯಿ ಮುಚ್ಚಿಕೊಂಡೆ. ನೀರು ತುಂಬಿದ ದಿನ ಗಂಗೆ ಪೂಜೆ ಮಾಡಿದರು, ಎಲೆ ಅಡಿಕೆಯ ಜೊತೆ ನನಗೊಂದು ಪಂಚೆಯನ್ನೂ ಕೊಟ್ಟರು. ಮರುವರ್ಷ ಮಗಳ ಮದುವೆಯಾಯಿತು. ಮಾಲೀಕರು ಜೆ.ಪಿ. ನಗರದ ಫ್ಲಾಟಿಗೆ ಹೋದರು. ಮನೆಗೆ ಶಿಶುವಿಹಾರ ಬಂತು. ಅದಾದ ಮೇಲೆ ಪಕ್ಕದ ಹಳೆಯ ಮನೆಯನ್ನು ಕೆಡವಿ ಹದಿನಾರು ಫ್ಲಾಟಿನ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಒಳಗೆಲ್ಲ ಹೊಸ ಪೈಪು, ಇಟಲಿಯ ಕಮೋಡು, ಲಾಬಿಯಲ್ಲಿ ಬುದ್ಧನ ತಲೆ. ಕೊಳಚೆಯ ಕೊನೆಯ ಚೇಂಬರಿನಿಂದ ರಸ್ತೆಯವರೆಗೆ ಮಾತ್ರ ಅದೇ ಮಣ್ಣಿನ ಪೈಪು. ಒಂದು ಸಂಸಾರ ಬಳಸುತ್ತಿದ್ದುದನ್ನು ಈಗ ಹದಿನಾರು ಸಂಸಾರ ಬಳಸುತ್ತಿತ್ತು. ಆ ಅಪಾರ್ಟ್‌ಮೆಂಟಿಗೂ ನಾನೇ ಪ್ಲಂಬರ್, ವರ್ಷದ ಲೆಕ್ಕದ ಮೇಲೆ. ಹಾಗಾಗಿ ಇದೂ ನನಗೆ ಗೊತ್ತಿತ್ತು.

ಹನ್ನೊಂದಕ್ಕೆ ಹೋದೆ. ಹಿತ್ತಿಲಿನ ಗೋಡೆಯ ಉದ್ದಕ್ಕೂ ಎಂಟು ನಲ್ಲಿಗಳಿವೆ, ನೆಲದಿಂದ ಎರಡೇ ಅಡಿ ಎತ್ತರದಲ್ಲಿ. ಶಿಶುವಿಹಾರ ಶುರುವಾದಾಗ ಮೇಡಂ ಹೇಳಿ ಮಾಡಿಸಿದ್ದು. ಮಕ್ಕಳ ಕೈಗೆ ಸುಲಭವಾಗಿ ತಿರುಗಲಿ ಎಂದು ಒಂದೊಂದನ್ನೂ ನಾನೇ ತಿರುಗಿಸಿ ಸಡಿಲ ಮಾಡಿದ್ದೆ. ಮೂವತ್ತು ವರ್ಷದಲ್ಲಿ ಜನ ನನ್ನ ಕೆಲಸ ನೋಡಿ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ, ಅವರೆಲ್ಲ ಮೂರು ವರ್ಷದವರು. ಅಲ್ಲಿ ನನಗೆ 'ನಲ್ಲಿ ಮಾಮ' ಎಂದೇ ಹೆಸರು. ಕುಡಿಯಲು ಕ್ಯಾನ್ ನೀರು ಇಡುತ್ತಿದ್ದರು. ಆದರೆ ನಲ್ಲಿ ಬಾಯಿಯ ಎತ್ತರಕ್ಕೇ ಇದ್ದರೆ ಯಾವ ಮಗು ಕ್ಯಾನಿನ ಹತ್ತಿರ ಹೋಗುತ್ತದೆ? ಕೈ ತೊಳೆಯುತ್ತಾ ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದವು. ಎರಡು ಜುಟ್ಟಿನ ಒಬ್ಬ ಹುಡುಗಿಯಂತೂ ನಲ್ಲಿಗೇ ಬಾಯಿ ಹಾಕುತ್ತಿದ್ದಳು. ಪಕ್ಕದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವಳು ಅವಳು.

ಒಂದು ನಲ್ಲಿ ತಿರುಗಿಸಿ ಮೂಸಿ ನೋಡಿದೆ. ಅದೇ ವಾಸನೆ. ಸೀದಾ ಹೋಗಿ ಸಂಪಿಗೆ ಇಳಿಯಬೇಕಿತ್ತು. ನಾನು ಏಣಿ ಹಾಕಿ ಮೇಲಿನ ಟ್ಯಾಂಕಿಗೆ ಹತ್ತಿದೆ. ಟ್ಯಾಂಕಿನ ಮುಚ್ಚಳ ಸರಿದಿತ್ತು, ಪಾರಿವಾಳದ ಹಿಕ್ಕೆ ಬಿದ್ದಿತ್ತು. ಅಬ್ಬ, ಕಾರಣ ಸಿಕ್ಕಿತು! ಟ್ಯಾಂಕ್ ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ, ಪೈಪಿನಲ್ಲಿದ್ದ ನೀರನ್ನೆಲ್ಲ ಹರಿಸಿ, ಮುಚ್ಚಳಕ್ಕೆ ತಂತಿ ಬಿಗಿದು ಇಳಿದೆ.

"ಪಾರಿವಾಳದ ಕಾಟ ಮೇಡಂ. ಇನ್ನು ತೊಂದರೆ ಇಲ್ಲ."

"ಸಂಪ್ ಒಂದ್ಸಲ ನೋಡ್ಬೇಕಾ ಅಣ್ಣ?"

ಅವರೇ ಕೇಳಿದರು ಎಂಬುದನ್ನು ಮರೆಯಲಾರೆ. ಮುಚ್ಚಳ ಎತ್ತಿ, ಮೇಲಿನಿಂದ ಇಣುಕಿ, "ಕ್ಲೀನಾಗಿದೆ" ಎಂದು ಮುಚ್ಚಿದೆ.

ಮಂಗಳವಾರ ಇಡೀ ದಿನ ಬ್ಲೀಚಿಂಗಿನ ವಾಸನೆಯಲ್ಲಿ ಬೇರೆಲ್ಲ ಮುಚ್ಚಿಹೋಯಿತು. ಬುಧವಾರ ಬೆಳಗ್ಗೆ ಮತ್ತೆ ಫೋನ್. ವಾಸನೆ ವಾಪಸ್ ಬಂದಿದೆ, ಮೂರು ಮಕ್ಕಳಿಗೆ ವಾಂತಿ ಭೇದಿಯಾಗಿ ರಜಾ ಹಾಕಿದ್ದಾರೆ.

ಆವತ್ತು ಕಾವೇರಿ ನೀರು ಬಿಡುವ ದಿನ. ನಮ್ಮ ಕಡೆ ನೀರು ಕೆಟ್ಟರೆ ಪ್ಲಂಬರ್ ಮೊದಲು ಬೈಯುವುದು ರಸ್ತೆಯ ಪೈಪನ್ನು. ಮನೆಗೆ ಬರುವ ಕಬ್ಬಿಣದ ಪೈಪು ಮೋರಿ ದಾಟಿಕೊಂಡು ಬರುತ್ತದೆ, ತುಕ್ಕು ಹಿಡಿದು ತೂತಾಗಿರುತ್ತದೆ, ನೀರು ನಿಂತ ಹೊತ್ತಿನಲ್ಲಿ ಮೋರಿಯ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹತ್ತರಲ್ಲಿ ಎಂಟು ಮನೆಯಲ್ಲಿ ನಿಜವೂ ಹೌದು. ಅದನ್ನು ನೋಡುವ ಕ್ರಮ ಸುಲಭ. ನೀರು ಬಿಟ್ಟ ಕೂಡಲೇ ಬರುವ ಮೊದಲ ನೀರನ್ನು, ಸಂಪಿಗೆ ಬೀಳುವ ಮುಂಚೆ, ಬಾಟಲಿಯಲ್ಲಿ ಹಿಡಿಯಬೇಕು. ಹಿಡಿದೆ, ಬಿಸಿಲಿಗೆ ಎತ್ತಿ ನೋಡಿದೆ, ಮೂಸಿದೆ, ಒಂದು ಗುಟುಕು ಕುಡಿದೂ ನೋಡಿದೆ. ಶುದ್ಧವಾಗಿತ್ತು.

ಬರುವ ನೀರು ಸರಿ, ಮೇಲಿನ ಟ್ಯಾಂಕು ತೊಳೆದಾಗಿದೆ. ಇನ್ನು ನಡುವೆ ಉಳಿದದ್ದು ಒಂದೇ. ಈ ಲೆಕ್ಕ ಹಾಕಲು ಪ್ಲಂಬರೇ ಆಗಬೇಕಿಲ್ಲ.

ಆದರೂ ಗುದ್ದಲಿ ಹಿಡಿದು ಗೇಟಿನ ಹತ್ತಿರ ಅಗೆದೆ. ಮೀಟರಿನಿಂದ ಸಂಪಿನವರೆಗಿನ ಏಳಡಿ ಕಬ್ಬಿಣದ ಪೈಪು ಕಿತ್ತು ಹೊಸ ಪ್ಲಾಸ್ಟಿಕ್ ಪೈಪು ಹಾಕಿದೆ. ಹಳೆಯ ತುಂಡು ತುಕ್ಕು ಹಿಡಿದು ಒಳಗೆಲ್ಲ ಗಂಟು ಗಂಟಾಗಿತ್ತು. ತೂತು ಮಾತ್ರ ಒಂದೂ ಇರಲಿಲ್ಲ. ಅದನ್ನು ಎತ್ತಿಕೊಂಡು ಹೋಗಿ ಮೇಡಂಗೆ ತೋರಿಸಿದೆ.

"ನೋಡಿ ಮೇಡಂ, ಇದರಲ್ಲಿ ಬರ್ತಿತ್ತು ನಿಮ್ಮ ನೀರು."

"ಅಯ್ಯಪ್ಪಾ! ಇದನ್ನೇ ಕುಡೀತಿದ್ವಾ ಮಕ್ಕಳು?" ಎಂದು ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕಾರಣ ಸಿಕ್ಕಿದೆ, ಪೈಪ್ ಬದಲಾಯಿಸಿದ್ದೇವೆ, ನೀರು ಈಗ ಸರಿಯಾಗಿದೆ ಎಂದು ಬರೆದರು. ನನ್ನ ಕಡೆ ತಿರುಗಿ, "ನೀವಿದ್ದಿದ್ದಕ್ಕೆ ಆಯ್ತು ಅಣ್ಣ" ಎಂದರು. ಆಯಮ್ಮ ಕಾಫಿ ತಂದುಕೊಟ್ಟಳು. ನಾಚಿಕೆಯಿಲ್ಲದೆ ಕುಡಿದೆ.

ಆಯಮ್ಮನ ಬಗ್ಗೆ ಹೇಳಬೇಕು. ತಿಲಕ್ ನಗರದವಳು, ನಲವತ್ತರ ಮೇಲಿನ ವಯಸ್ಸು. ಬೆಳಗ್ಗೆ ಪಕ್ಕದ ಅಪಾರ್ಟ್‌ಮೆಂಟಿನ ಎರಡು ಫ್ಲಾಟಿನಲ್ಲಿ ಕೆಲಸ ಮುಗಿಸಿ, ಒಂಬತ್ತಕ್ಕೆ ಶಿಶುವಿಹಾರಕ್ಕೆ ಬರುತ್ತಿದ್ದಳು. ಮಕ್ಕಳ ಮೂಗು ಒರೆಸುವುದು, ತಿಂಡಿ ತಿನ್ನಿಸುವುದು, ಚಡ್ಡಿ ಬದಲಾಯಿಸುವುದು ಎಲ್ಲ ಅವಳೇ. ಒಂದೊಂದು ಕೆಲಸಕ್ಕೂ ಒಂದೊಂದು ಸಲ ಸೋಪು ಹಾಕಿ ಕೈ ತೊಳೆದೂ ತೊಳೆದೂ ಅವಳ ಬೆರಳಿನ ತುದಿ ಬಿಳುಪಾಗಿ ಸುಕ್ಕುಗಟ್ಟಿರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ನಾನು ಕರೆಯದೆಯೇ ಹೋದೆ. ಮನಸ್ಸು ತಡೆಯಲಿಲ್ಲ. ಗೇಟಿನಲ್ಲಿ ಆಯಮ್ಮ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಗೆ ಬರುತ್ತಿದ್ದಳು.

"ಏನಮ್ಮ, ಇಷ್ಟು ಬೇಗ?"

"ಒಂದ್ ವಾರ ಬರ್ಬೇಡ ಅಂದ್ರು ಅಣ್ಣ. ಎರಡು ಜುಟ್ಟಿನ ಪಾಪು ಇಲ್ವಾ, ಆಸ್ಪತ್ರೆಗೆ ಹಾಕವ್ರೆ. ಡ್ರಿಪ್ಸ್ ಏರ್ಸವ್ರಂತೆ." ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. "ನನ್ನ ಕೈ ಸರಿ ಇಲ್ವಂತೆ. ಗ್ರೂಪಲ್ಲಿ ಹಾಕವ್ರೆ. ನೀವು ಪೈಪ್ ಬದಲಾಯ್ಸಿ ನೀರು ಸರಿಹೋಯ್ತಲ್ಲ? ಆಮೇಲೂ ಮಕ್ಕಳಿಗೆ ಹಿಂಗಾಯ್ತು ಅಂದ್ರೆ ಆಯಾ ಕೈನೇ ಇರ್ಬೇಕು ಅಂತ."

ಎರಡೂ ಕೈಯನ್ನು ನನ್ನ ಮುಂದೆ ಚಾಚಿದಳು. "ನೀವೇ ನೋಡಿ ಅಣ್ಣ. ಕೊಳಕೈತಾ?"

ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಎಲ್ಲ ಸರಿಹೋಗುತ್ತೆ ಬಿಡಮ್ಮ" ಎಂದೆ. ಥೂ! ಜೀವನದಲ್ಲಿ ಎಷ್ಟೋ ಹೊಲಸು ಚೇಂಬರಿಗೆ ಕೈ ಹಾಕಿದ್ದೇನೆ. ಆ ಮಾತಿನಷ್ಟು ಹೊಲಸು ಯಾವುದೂ ಇರಲಿಲ್ಲ.

ಒಳಗೆ ಮೇಡಂ ಚಿಕ್ಕ ಕುರ್ಚಿಯೊಂದರಲ್ಲಿ ಕೂತಿದ್ದರು. ನಲವತ್ತು ಮಕ್ಕಳಲ್ಲಿ ಆವತ್ತು ಬಂದಿದ್ದವರು ಹದಿನೇಳು. "ಆಯಮ್ಮನ್ನ ಕಳಿಸ್ಬಾರ್ದಿತ್ತು ಅಂತ ನಂಗೂ ಗೊತ್ತು ಅಣ್ಣ," ಎಂದರು. "ಕಳಿಸದಿದ್ರೆ ಸೋಮವಾರ ಒಬ್ರೂ ಬರಲ್ಲ. ಪ್ಲೇಹೋಮ್ ನಡೆಯೋದೇ ಜನರ ನಂಬಿಕೆ ಮೇಲೆ. ಅದು ಹೋದ್ರೆ ನನ್ನ ಹತ್ರ ಇನ್ನೇನಿದೆ?"

ನನಗೆ ಇನ್ನು ಆಗಲಿಲ್ಲ. "ಮೇಡಂ, ನೀರು ಮುಟ್ಬೇಡಿ. ಯಾರೂ ಮುಟ್ಬೇಡಿ. ನಾಳೆ ಶನಿವಾರ ರಜಾ ಅಲ್ವಾ, ಬೆಳಗ್ಗೆ ಐದಕ್ಕೆ ಬಂದು ಸಂಪ್ ಖಾಲಿ ಮಾಡ್ತೀನಿ" ಎಂದೆ. ನಲ್ಲಿಗಳ ಸಾಲಿಗೆ ಹೋಗುವ ವಾಲ್ವನ್ನು ತಿರುಗಿಸಿ ನಿಲ್ಲಿಸಿ, ಅದರ ಹಿಡಿಯನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರಟೆ.

ಶನಿವಾರ ಪಂಪಿನಲ್ಲಿ ಸಂಪಿನ ನೀರನ್ನು ಹೊರಗೆ ಹಾಕಿದೆ. ಮುಚ್ಚಳ ತೆಗೆದು ಮುಕ್ಕಾಲು ಗಂಟೆ ಗಾಳಿಯಾಡಲು ಬಿಟ್ಟೆ, ದೀಪ ಇಳಿಸಿ ಆರುವುದಿಲ್ಲ ಎಂದು ನೋಡಿಕೊಂಡೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ಹಗ್ಗದ ಇನ್ನೊಂದು ತುದಿಯನ್ನು ಅಂಗಳದ ಕಂಬಕ್ಕೆ ಸುತ್ತಿ ಮೇಡಂ ಹಿಡಿದುಕೊಂಡರು. ಒಳಗಿಳಿದು ತಳದಲ್ಲಿ ಉಳಿದಿದ್ದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಕೊಟ್ಟೆ, ನಾಲ್ಕೂ ಗೋಡೆಯನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಆಮೇಲೆ ಬೋರಲಿಟ್ಟ ಬಕೆಟ್ಟಿನ ಮೇಲೆ ಪೂರ್ವದ ಗೋಡೆಗೆ ಮುಖ ಮಾಡಿ ಕೂತೆ. ಎಂಟು ವರ್ಷದ ಹಿಂದೆ ನನ್ನ ಎದುರೇ ಗಾರೆ ಹೊಡೆದ ಗೋಡೆ.

ಏಳು ಗಂಟೆಯವರೆಗೆ ಏನೂ ಇರಲಿಲ್ಲ. ಏಳೂಕಾಲರ ಸುಮಾರಿಗೆ, ಅಪಾರ್ಟ್‌ಮೆಂಟಿನವರು ಎದ್ದು ಸ್ನಾನಕ್ಕೆ ಹೊರಡುವ ಹೊತ್ತಿಗೆ, ತಳದಿಂದ ಒಂದು ಮೊಳ ಮೇಲೆ ಅಂಗೈಯಗಲದ ಕಪ್ಪು ಕಲೆ ಮೂಡಿತು. ನೋಡುತ್ತಿದ್ದಂತೆ ಅದು ತಟ್ಟೆಯಗಲವಾಯಿತು. ನಡುವಿನ ಕೂದಲೆಳೆಯಂಥ ಬಿರುಕಿನಿಂದ ಹನಿ ಇಳಿಯತೊಡಗಿತು. ಮೂಸುವ ಅಗತ್ಯವೇ ಇರಲಿಲ್ಲ.

ಇಷ್ಟಾದರೂ ಸಾಕ್ಷಿ ಬೇಕು. ನೆಲದ ತೇವ ಎಂದರೆ ಮುಗಿಯಿತು, ಯಾರೂ ಒಪ್ಪುವುದಿಲ್ಲ. ಅವರ ಲೈನಿಗೆ ಬಣ್ಣ ಹಾಕಿ ಇಲ್ಲಿ ಬರುತ್ತದೆಯೇ ನೋಡಬೇಕು. ಮೇಲೆ ಬಂದು ಕೈಕಾಲು ತೊಳೆದುಕೊಂಡು ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಯ ಬಾಗಿಲು ತಟ್ಟಿದೆ. ಆತ ಚಿಕ್ಕ ವಯಸ್ಸಿನವರು, ಮಾತು ನಯ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿದರು.

"ನೋಡಿ ಬಾಸ್, ಇದು ಲೀಗಲ್ ಆಗ್ಬಿಡುತ್ತೆ. ನಾವೇ ಪರ್ಮಿಷನ್ ಕೊಟ್ಟು ಕಲರ್ ಅಲ್ಲಿ ಬಂತು ಅಂದ್ರೆ ತಪ್ಪು ಒಪ್ಕೊಂಡ ಹಾಗೆ. ಕಮಿಟಿ ಮೀಟಿಂಗ್‌ನಲ್ಲಿ ಇಡ್ತೀನಿ."

"ಯಾವತ್ತು ಸಾರ್ ಮೀಟಿಂಗು?"

"ನೆಕ್ಸ್ಟ್ ಮಂತ್, ಸೆಕೆಂಡ್ ಸಂಡೇ."

"ಸಾರ್, ನಿಮ್ಮ ಥರ್ಡ್ ಫ್ಲೋರ್ ಮಗೂನೇ ಆಸ್ಪತ್ರೇಲಿದೆ."

"ಗೊತ್ತು, ಪಾಪ. ಅದು ಯಾರೋ ಆಯಾ ಪ್ರಾಬ್ಲಮ್ ಅಂತೆ?"

ಅವರಿಗೆ ನಮಸ್ಕಾರ ಹಾಕಿ ಮೆಟ್ಟಿಲಿಳಿದೆ. ಕೆಳಗಿನ ಫ್ಲಾಟಿನವರು ನಾಲ್ಕು ದಿನದಿಂದ ಫ್ಲಶ್ ನಿಲ್ಲುತ್ತಿಲ್ಲ ಎಂದು ದೂರು ಬರೆಸಿದ್ದರು. ಬೆಲ್ ಮಾಡಿದೆ. ವಾಷರ್ ಬದಲಾಯಿಸಿದೆ. ಬಟ್ಟೆಗೆ ಹಾಕುವ ಹಸಿರು ಬಣ್ಣದ ಎರಡು ಪೊಟ್ಟಣ ಜೇಬಿನಲ್ಲಿತ್ತು, ಎರಡನ್ನೂ ಕಮೋಡಿಗೆ ಸುರಿದು ಮೂರು ಸಲ ಫ್ಲಶ್ ಮಾಡಿದೆ. ಪರೀಕ್ಷೆ ಮಾಡಬೇಕಲ್ಲ ಎಂದೆ, ಅವರೂ ಹೂಂ ಎಂದರು. ಅಲ್ಲಿನ ವರ್ಷದ ಲೆಕ್ಕದ ಕೆಲಸ ಆ ಮೂರು ಫ್ಲಶ್ಶಿನ ಜೊತೆಗೇ ಹೋಯಿತು ಎಂದು ಗೊತ್ತಿತ್ತು.

ಮತ್ತೆ ಸಂಪಿಗಿಳಿದು ಕೂತೆ. ಮೇಡಂ ಮೇಲಿನಿಂದ ಟಾರ್ಚ್ ಹಿಡಿದಿದ್ದರು. ಅರ್ಧ ಗಂಟೆ ದಾಟಿತು. ಕಪ್ಪು ಕಲೆಯ ನಡುವೆ ಮೊದಲು ಪಾಚಿಯ ಹಾಗೆ ಕಂಡಿತು, ಆಮೇಲೆ ಎದ್ದು ಕಾಣುವ ಹಸಿರು. ಬಿರುಕಿನಿಂದ ಒಂದು ಹಸಿರು ಗೆರೆ ಇಳಿದು ನೆಲ ಮುಟ್ಟಿತು. ಮೊಬೈಲಿನಲ್ಲಿ ಫೋಟೋ ತೆಗೆದೆ.

"ಬಂತಾ ಅಣ್ಣ?"

"ಬಂತು ಮೇಡಂ. ಅವರ ಕಕ್ಕಸಿನ ಲೈನ್ ಒಡೆದಿದೆ. ಈ ಗೋಡೆ ಮೂಲಕ ಬರ್ತಿದೆ."

ಅವರು ಟಾರ್ಚಿನ ಬೆಳಕನ್ನು ಆ ಗೆರೆಯ ಉದ್ದಕ್ಕೂ ಇಳಿಸಿದರು. ಆಮೇಲೆ, "ಲೈನ್ ಪಕ್ಕದಲ್ಲೇ ಸಂಪ್ ಕಟ್ಟಿದಾರಲ್ಲ! ಯಾವ ಮುಟ್ಠಾಳ ಕಟ್ಟಿದ್ದು ಇದನ್ನ?" ಎಂದರು.

ಹಿಂದಿನ ಮೇಸ್ತ್ರಿ ಎನ್ನಬಹುದಿತ್ತು. ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ತಲೆಯೆತ್ತಿದೆ. ಚೌಕಾಕಾರದ ಬಾಯಿಯಲ್ಲಿ ಅವರ ಮುಖ ಮಾತ್ರ ಕಾಣುತ್ತಿತ್ತು.

"ನಾನೇ ಮೇಡಂ."

ಟಾರ್ಚಿನ ಬೆಳಕು ಗೋಡೆಯಿಂದ ನನ್ನ ಮುಖಕ್ಕೆ ಬಂತು.

"ಲೈನ್ ಇರೋದು ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಸೋಮವಾರ ಯಾಕೆ ಇಲ್ಲಿ ನೋಡ್ಲಿಲ್ಲ? ನಾನು ಕೇಳಿದ್ನಲ್ಲ ಅಣ್ಣ. ಸಂಪ್ ನೋಡ್ಬೇಕಾ ಅಂತ ಕೇಳಿದ್ನಲ್ಲ?"

ಉತ್ತರ ಇತ್ತು, ಹೇಳುವಂಥದ್ದಾಗಿರಲಿಲ್ಲ. ನನ್ನ ಕೆಲಸವನ್ನು ನಾನೇ ಕೆಟ್ಟದ್ದು ಎನ್ನಲು ಐದು ದಿನ ಬೇಕಾಯಿತು ಎನ್ನಲೇ? ಅವರ ಮುಖ ಬಾಯಿಯಿಂದ ಸರಿಯಿತು. ಆದರೆ ಹಗ್ಗವನ್ನು ಬಿಡಲಿಲ್ಲ. ನಾನು ಹತ್ತಿ ಬರುವವರೆಗೂ ಬಿಗಿಯಾಗಿಯೇ ಹಿಡಿದಿದ್ದರು, ಬಂದ ಮೇಲೆ ಕೆಳಗಿಟ್ಟು ಒಳಗೆ ಹೋದರು.

ಭಾನುವಾರ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸೇರಿದೆವು. ಮಾಲೀಕರು, ಕಾರ್ಯದರ್ಶಿ, ಮೇಡಂ, ನಾನು. ಕಾರ್ಯದರ್ಶಿ ನನ್ನ ಕಡೆ ನೋಡಲೇ ಇಲ್ಲ. "ನಮ್ಮ ಲೈನ್ ಮೊದಲಿಂದ ಇದೆ, ಸಂಪ್ ಆಮೇಲೆ ಬಂದಿದ್ದು" ಎಂದರು. ಮಾಲೀಕರು "ನಿಮ್ಮ ಲೈನ್ ಒಡೆಯದೆ ಇದ್ರೆ ಸಂಪ್‌ಗೇನಾಗ್ತಿತ್ರೀ?" ಎಂದು ಏರಿದರು. ಹತ್ತು ನಿಮಿಷ ಹೀಗೆ ಎಳೆದಾಡಿದರು. ಆಮೇಲೆ ಇಬ್ಬರಿಗೂ ಅನುಕೂಲವಾಗುವ ಜಾಗ ಸಿಕ್ಕಿತು. ಅದು ನಾನು.

"ನೀನು ಆವತ್ತೇ ಹೇಳ್ಬೇಕಿತ್ತಪ್ಪ" ಎಂದರು ಮಾಲೀಕರು.

"ಹೇಳಿದ್ದೆ ಸಾರ್. ನೀವು ಫೋನಲ್ಲಿದ್ರಿ."

"ಹಾಗಲ್ಲ, ಗಟ್ಟಿಯಾಗಿ ಹೇಳ್ಬೇಕಿತ್ತು. ಕೆಲಸ ಗೊತ್ತಿರೋನು ನೀನು. ಆಗಲ್ಲ ಸಾರ್ ಅಂತ ಗುದ್ದಲಿ ಕೆಳಗಿಟ್ಟಿದ್ರೆ ನಾನೇನು ಬಲವಂತ ಮಾಡ್ತಿದ್ನಾ?"

ಹೊಟ್ಟೆ ಉರಿಯಿತು. ಆದರೆ ಮಾತು ಸುಳ್ಳಲ್ಲ. ಜಾರಿಕೊಳ್ಳುವವನ ಬಾಯಿಂದಲೂ ಒಮ್ಮೊಮ್ಮೆ ನಿಜ ಬರುತ್ತದೆ. ಆವತ್ತು ನಾನು ಬಗ್ಗಿಕೊಂಡು, ನೆಲಕ್ಕೆ ಕೇಳಿಸುವ ಹಾಗೆ ಹೇಳಿ, ಹೇಳಿದ್ದೇನೆ ಎಂದು ಸಮಾಧಾನ ಪಟ್ಟುಕೊಂಡಿದ್ದೆ.

ಮೇಡಂ ಒಂದೇ ಮಾತು ಕೇಳಿದರು. "ಆಯಮ್ಮಂದೇನೂ ತಪ್ಪಿಲ್ಲ ಅಂತ ಇಲ್ಲಿರೋರು ಯಾರಾದ್ರೂ ಗ್ರೂಪಲ್ಲಿ ಬರೀತೀರಾ?" ಕಾರ್ಯದರ್ಶಿ ಅದು ನಮ್ಮ ಗ್ರೂಪಲ್ಲ ಎಂದರು. ಮಾಲೀಕರು ಗಡಿಯಾರ ನೋಡಿಕೊಂಡರು. ಸಂಜೆ ಮೇಡಂ ತಾವೇ ಹಸಿರು ಗೆರೆಯ ಫೋಟೋ ಹಾಕಿ ಎಲ್ಲವನ್ನೂ ಬರೆದರು. ಅಷ್ಟರಲ್ಲಿ ಅರ್ಧಕ್ಕರ್ಧ ಪೋಷಕರು ಗ್ರೂಪಿನಿಂದ ಹೊರಗೆ ಹೋಗಿದ್ದರು.

ಅಪಾರ್ಟ್‌ಮೆಂಟಿನವರು ಮುಂದಿನ ತಿಂಗಳ ಮೀಟಿಂಗಿಗೆ ಕಾಯಲಿಲ್ಲ. ಒಂದೇ ವಾರದಲ್ಲಿ ಬೇರೆ ಪ್ಲಂಬರನ್ನು ಕರೆಸಿ ಮಣ್ಣಿನ ಪೈಪನ್ನು ಸದ್ದಿಲ್ಲದೆ ಬದಲಾಯಿಸಿದರು. ನನಗೆ ಇನ್ನು ಬರುವುದು ಬೇಡ ಎಂದು ಮೆಸೇಜ್ ಬಂತು. ಹುಡುಗಿ ಐದನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದಳು. ಅದೊಂದು ವಿಷಯದಲ್ಲಿ ದೇವರು ದೊಡ್ಡವನು. ಶಿಶುವಿಹಾರ ಮಾತ್ರ ಉಳಿಯಲಿಲ್ಲ. ಟ್ಯಾಂಕರ್ ನೀರು ತರಿಸಿದರು, ಪರೀಕ್ಷೆಯ ವರದಿಯನ್ನು ಗೇಟಿಗೆ ಅಂಟಿಸಿದರು. ಕೊನೆಗೆ ಏಳು ಮಕ್ಕಳಿದ್ದವು. ಆ ತಿಂಗಳು ಮುಗಿದ ಮೇಲೆ ಮುಚ್ಚಿದರು.

ಎರಡು ತಿಂಗಳಾದ ಮೇಲೆ ಮಾಲೀಕರು ಫೋನ್ ಮಾಡಿದರು. ಹೊಸ ಬಾಡಿಗೆದಾರರು ಬರುತ್ತಾರೆ, ಆ ಗಿಡ್ಡ ನಲ್ಲಿಗಳನ್ನು ಕಿತ್ತುಬಿಡು ಎಂದರು. ಬೇರೆಯವರ ಕೈಗೆ ಬಿಡಲು ಮನಸ್ಸಾಗದೆ ಹೋದೆ. ಎಂಟನ್ನೂ ಬಿಚ್ಚಿ, ತೂತುಗಳಿಗೆ ಬಿರಡೆ ಹಾಕಿ, ನಲ್ಲಿಗಳನ್ನು ಚೀಲಕ್ಕೆ ತುಂಬಿಕೊಂಡೆ. ಮಾಲೀಕರು ಅಂಗಳದಲ್ಲಿ ನಿಂತಿದ್ದರು.

"ಹಳೇ ಸಂಪ್ ಮುಚ್ಚಿ ಹೊಸದು ತೋಡ್ಬೇಕಲ್ಲಪ್ಪ. ಎರಡಡಿ ಈಚೆಗೆ ತಗೋ. ಆದ್ರೆ ಈಶಾನ್ಯ ಬಿಡೋಕಾಗಲ್ಲ ನೋಡು, ಮಗಳು ಈಗ ಬಸುರಿ."

"ಆಗಲ್ಲ ಸಾರ್!" ಎಂದೆ. ರಸ್ತೆಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ತಿರುಗಿ ನೋಡಿದಳು. "ಆ ಮೂಲೇಲಿ ಮಣ್ಣೇ ಕೆಟ್ಟಿದೆ. ಅಲ್ಲಿ ಸಂಪ್ ಬೇಡ. ನಾನಂತೂ ತೋಡಲ್ಲ. ತೋಡೋರನ್ನ ಕರೆಸಿದ್ರೆ ಅವರಿಗೂ ಹೇಳ್ತೀನಿ, ಬಾಡಿಗೆಗೆ ಬರೋರಿಗೂ ಹೇಳ್ತೀನಿ."

"ಯಾಕೆ ಕಿರುಚ್ತೀಯಾ? ನಂಗೇನು ಕಿವಿ ಕೇಳಲ್ವಾ?" ಎಂದರು.

ಹದಿನೈದು ದಿನ ಬಿಟ್ಟು ಆ ಕಡೆ ಹೋದಾಗ ಈಶಾನ್ಯದಲ್ಲಿ, ಎರಡಡಿ ಈಚೆಗೆ, ಹೊಸ ಮುಚ್ಚಳವಿತ್ತು. ಅರಿಶಿನ ಕುಂಕುಮ ಇನ್ನೂ ಹಸಿಯಾಗಿತ್ತು. ಒಳಗೆ ಬಾಡಿಗೆಗೆ ಬಂದಿದ್ದವರಿಗೆ ಬೆಲ್ ಮಾಡಿ ಹೇಳಿದೆ. "ಓನರ್ ಹತ್ರ ಮಾತಾಡಿ ಅಣ್ಣ" ಎಂದು ಬಾಗಿಲು ಹಾಕಿಕೊಂಡರು.

ಆಯಮ್ಮ ಸಿಕ್ಕಿದ್ದು ತಿಲಕ್ ನಗರದ ಮಾರ್ಕೆಟ್ಟಿನಲ್ಲಿ. ಕೊತ್ತಂಬರಿ ಸೊಪ್ಪಿನ ಕಟ್ಟು ಬಿಡಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಸಂಪು ಕಟ್ಟಿದ್ದು, ಮುಚ್ಚಿಟ್ಟಿದ್ದು, ಅವಳು ಕೈ ಚಾಚಿದಾಗ ಗೊತ್ತಿದ್ದೂ ಸುಮ್ಮನಿದ್ದದ್ದು. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಮೇಡಂ ಹೇಳಿದ್ರು, ಎಲ್ಲಾ ಗೊತ್ತು," ಎಂದಳು. "ಆ ಎರಡು ಫ್ಲಾಟ್ ಕೆಲಸಾನೂ ಹೋಯ್ತು. ಕೈ ಸರಿಯಿಲ್ಲದೋಳನ್ನ ಅಡಿಗೆಮನೇಗೆ ಯಾರು ಬಿಡ್ತಾರೆ? ನನ್ನ ಕೈ ಸರಿಯಾಗೈತೆ ಅಂತ ನಂಗೆ ಗೊತ್ತಿಲ್ವಾ ಅಣ್ಣ? ನಂಗ್ಯಾಕೆ ಹೇಳ್ತೀರಾ? ಅಲ್ಲಿ ಹೋಗಿ ಹೇಳಿ."

ಮರುದಿನ ಬೆಳಗ್ಗೆ ಎಂಟೂಕಾಲಕ್ಕೆ ಅಪಾರ್ಟ್‌ಮೆಂಟಿನ ಗೇಟಿಗೆ ಹೋದೆ. ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಶಾಲೆಯ ವ್ಯಾನಿಗೆ ಕಾಯುತ್ತಾ ಐದಾರು ತಾಯಂದಿರು ನಿಂತಿದ್ದರು. ಎರಡು ಜುಟ್ಟಿನ ಹುಡುಗಿಯೂ ಇದ್ದಳು, ಸ್ವಲ್ಪ ಇಳಿದುಹೋಗಿದ್ದಳು, ಬೆನ್ನಿಗೆ ಅವಳಿಗಿಂತ ದೊಡ್ಡ ಬ್ಯಾಗು. ನಾನು ಫುಟ್‌ಪಾತಿನ ಮೇಲೆ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ, ಗಟ್ಟಿಯಾಗಿ ಹೇಳಿದೆ.

"ಮೇಡಂ, ಮಕ್ಕಳಿಗೆ ಹುಷಾರು ತಪ್ಪಿದ್ದು ಆಯಮ್ಮನ ಕೈಯಿಂದ ಅಲ್ಲ. ನಿಮ್ಮ ಬಿಲ್ಡಿಂಗಿನ ಪೈಪಿಂದ. ನಾನು ಕಟ್ಟಿದ ಸಂಪಿಂದ. ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ. ಆಯಮ್ಮಂದೇನೂ ತಪ್ಪಿಲ್ಲ."

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಹುಡುಗಿಯ ತಾಯಿ ಮಗಳ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. "ಆಯ್ತು, ಅದೆಲ್ಲ ಮುಗಿದ ವಿಷ್ಯ. ನಾವೇನೂ ಬರೆದಿಲ್ಲ, ಯಾರೋ ಬರೆದ್ರು. ಈಗ ಬೇರೆಯವ್ರು ಕೆಲಸಕ್ಕೆ ಬರ್ತಿದಾರೆ" ಎಂದರು. ಸೆಕ್ಯೂರಿಟಿಯವನು ಎದ್ದು ಬಂದ. "ನಡೀರಿ ಅಣ್ಣ, ಸಾರ್ ನೋಡಿದ್ರೆ ನನಗೆ ಬೈತಾರೆ."

ತಿರುಗಿದೆ. ಹೆಗಲಿನ ಚೀಲದಲ್ಲಿ ಆ ಎಂಟು ನಲ್ಲಿಗಳು ಇನ್ನೂ ಹಾಗೇ ಇದ್ದವು, ಒಂದಕ್ಕೊಂದು ತಾಗಿ ಸದ್ದಾಯಿತು. ಹುಡುಗಿ ಅಮ್ಮನ ಕೈಯ ಹಿಂದಿನಿಂದ ಇಣುಕಿ ನೋಡಿ ನಕ್ಕಳು.

"ನಲ್ಲಿ ಮಾಮ," ಎಂದಳು, "ನಮ್ಮ ಆಯಮ್ಮ ಎಲ್ಲಿ?"